ವಕೀಲರ ಬಳಿ ಹೋಗುವ ಮುನ್ನ



ಸಂತ ಲೂಕರ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ, ಜನಜಂಗುಳಿಯ ನಡುವಿನಿಂದ ಒಬ್ಬನು ಯೇಸುಸ್ವಾಮಿಯನ್ನು ಒಂದು ಉಪಕಾರ ಕೇಳುತ್ತಾನೆ. ಆಸ್ತಿಯಲ್ಲಿ ತನ್ನ ಪಾಲು ಕೊಡುವಂತೆ ಸ್ವಾಮಿ ತನ್ನ ಸೋದರನಿಗೆ ಹೇಳಬೇಕಂತೆ! ಆ ಪಾಲುಗಾರಿಕೆಗೆ ಸ್ವಾಮಿ ಒಪ್ಪುವುದಿಲ್ಲ. ಆದರೆ ಮಾತನ್ನು ಅಲ್ಲಿಗೇ ಬಿಡದೆ, ಲೋಭದ ಬಗ್ಗೆ ಎಲ್ಲರನ್ನೂ ಎಚ್ಚರಿಸಿ, ದೊಡ್ಡ ಕಣಜ ಕಟ್ಟಲು ಹೊರಟ ಸಾಹುಕಾರನ ಸಾಮತಿಯನ್ನು ಹೇಳುತ್ತಾರೆ. ಈ ವಾಚನ ಭಾನುವಾರದ ಪೂಜೆಯಲ್ಲಿ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಅಂಥ ಸೋದರರು ಮಾತ್ರ ನಮ್ಮ ಧರ್ಮಕೇಂದ್ರದ ಕಚೇರಿಗೆ ವರ್ಷವಿಡೀ ಬರುತ್ತಾರೆ.

ಕೆಲವು ವರ್ಷಗಳ ಹಿಂದೆ ಏಕಸಂಬಿ ಕಡೆಯ ಒಂದು ಮನೆಯಲ್ಲಿ ಮೂವತ್ತನೆಯ ದಿನದ ಪೂಜೆ ಮುಗಿಸಿ ಚಹಾಕ್ಕೆ ಕುಳಿತಿದ್ದೆ. ಹಿರಿಯ ಮಗ ತಂದೆಯ ಕಬ್ಬಿಣದ ಟ್ರಂಕನ್ನು ತಂದು ನಡುಮನೆಯಲ್ಲಿ ತೆರೆದ. ಹೊಲದ ಉತಾರ, ಸಕ್ಕರೆ ಕಾರ್ಖಾನೆಯ ಶೇರು, ಸೊಸೈಟಿಯ ಠೇವಣಿ ಪಾವತಿ, ವಿಮೆಯ ಬಾಂಡು ಎಲ್ಲವೂ ಒಂದು ಜಪಮಾಲೆಯೊಡನೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದವು. “ನಾಳೆ ಚಿಕ್ಕೋಡಿಗೆ ವಕೀಲರ ಕಡೆ ಹೊಂಟೀವ್ರಿ ಫಾದರ್. ವಾರಸದಾರರು ನಾವಿಬ್ಬರೇ ಗಂಡಮಕ್ಕಳು ಅಂತ ಚರ್ಚಿಂದ ಒಂದು ಕಾಗದ ಬರದು ಕೊಡ್ರಿ” ಎಂದ. ಅಕ್ಕತಂಗಿಯರ ಮಾತೇನು ಎಂದು ಕೇಳಿದೆ. “ಅವರ ಮದುವಿಗೆ ಅಪ್ಪ ಸಾಕಷ್ಟು ಖರ್ಚು ಮಾಡ್ಯಾನ್ರಿ” ಎಂಬ ಉತ್ತರ ಬಂತು. ನಮ್ಮ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಆ ತಂದೆಗೆ ನಾಲ್ವರು ಮಕ್ಕಳು. ನಾಲ್ಕನ್ನು ಎರಡೆಂದು ನಾನು ಹೇಗೆ ಬರೆಯಲಿ? ಆಗ ಅಡುಗೆಮನೆಯ ಬಾಗಿಲಲ್ಲಿ ಕುಳಿತಿದ್ದ ತಾಯಿ, “ನನಗೂ ಪಾಲು ಐತೇನ್ರಿ ಫಾದರ್?” ಎಂದು ಮೆಲ್ಲಗೆ ಕೇಳಿದರು.

ಇದೆ. ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಗಂಡ ಮೃತ್ಯುಪತ್ರ ಬರೆಯದೆ ತೀರಿಕೊಂಡು ಮಕ್ಕಳಿದ್ದರೆ, ಆಸ್ತಿಯ ಮೂರನೆಯ ಒಂದು ಪಾಲು ಹೆಂಡತಿಗೆ. ಉಳಿದುದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಸಮ. ಮೊದಲೇ ತೀರಿಹೋದ ಮಗನ ಅಥವಾ ಮಗಳ ಪಾಲು ಅವರ ಮಕ್ಕಳಿಗೆ ಸೇರುತ್ತದೆ. ಆ ಮನೆಯ ಹೊಲ ಆರು ಎಕರೆ. ಅಂದರೆ ತಾಯಿಗೆ ಎರಡು, ನಾಲ್ವರು ಮಕ್ಕಳಿಗೆ ಒಂದೊಂದು. ಮದುವೆಯ ಖರ್ಚಿನ ಮಾತಿಗೂ ಕಾಯ್ದೆಯಲ್ಲಿ ಉತ್ತರವಿದೆ. ತಂದೆ ಬದುಕಿದ್ದಾಗ ಮಗುವಿನ ಏಳಿಗೆಗಾಗಿ ಕೊಟ್ಟ ಹಣವನ್ನಾಗಲಿ ಆಸ್ತಿಯನ್ನಾಗಲಿ ಪಾಲು ಹಾಕುವಾಗ ಲೆಕ್ಕಕ್ಕೆ ಹಿಡಿಯಬಾರದೆಂದು 49ನೆಯ ಕಲಮು ಹೇಳುತ್ತದೆ. ಹಿಡಿಯುವುದಾದರೆ ಹಿರಿಯ ಮಗನ ಓದಿನ ಖರ್ಚನ್ನೂ ಹಿಡಿಯಬೇಕಾಗುತ್ತಿತ್ತಲ್ಲವೇ?

ಹಳೆಯ ತಿರುವಾಂಕೂರು ಸೀಮೆಯಲ್ಲಿ 1916ರ ಕಾಯ್ದೆಯಂತೆ ಕ್ರೈಸ್ತ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು! ಮೇರಿ ರಾಯ್ ಎಂಬ ಕೇರಳದ ಮಹಿಳೆ ಇದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದರು. ಅಲ್ಲಿಯೂ 1925ರ ಕಾಯ್ದೆಯೇ ಅನ್ವಯವೆಂದು 1986ರಲ್ಲಿ ತೀರ್ಪಾಯಿತು. ತಿರುವಾಂಕೂರಿನ ಕಾಯ್ದೆಗೂ ನಮ್ಮ ಬೆಳಗಾವಿ ಸೀಮೆಗೂ ಸಂಬಂಧವಿರಲಿಲ್ಲ. ಆದರೆ ರೂಢಿಯಲ್ಲಿ ನಾವು ಹೆಣ್ಣುಮಕ್ಕಳಿಗೆ ಆ ಕಾಲುಭಾಗವನ್ನೂ ಕೊಡದೆ, ಒಂದು ಸೀರೆ ಉಡಿಸಿ, ಹಕ್ಕು ಬಿಟ್ಟ ಪತ್ರಕ್ಕೆ ರುಜು ಹಾಕಿಸಿ ಕಳಿಸುತ್ತೇವೆ. ಸಂಖ್ಯಾಕಾಂಡದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಪಾಲನ್ನು ಕೇಳಿದಾಗ, ಅವರು ಕೇಳುವುದು ನ್ಯಾಯವೆಂದು ಸ್ವತಃ ದೇವರೇ ಹೇಳಿದರು. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂದು ಐವರ ಹೆಸರೂ ಪವಿತ್ರ ಗ್ರಂಥದಲ್ಲಿ ಉಳಿದಿದೆ. ನಮ್ಮಲ್ಲಿ ಅನೇಕ ವಂಶಾವಳಿಗಳಲ್ಲಿ ಮಗಳ ಹೆಸರೇ ಇರುವುದಿಲ್ಲ.

ಅಕ್ಕ ತಾನಾಗಿ ಪಾಲು ಬಿಟ್ಟುಕೊಟ್ಟರೆ ತಪ್ಪೇ? ಖಂಡಿತ ಅಲ್ಲ. ಆದರೆ ತನ್ನದೆಂದು ತಿಳಿಯದ ವಸ್ತುವನ್ನು ಯಾರೂ ದಾನ ಮಾಡಲಾರರು. ಪ್ರತಿಯೊಬ್ಬನಿಗೂ ಅವನದನ್ನು ಸಲ್ಲಿಸುವ ಸ್ಥಿರಸಂಕಲ್ಪವೇ ನ್ಯಾಯವೆಂದು ಗುರುಮಠದಲ್ಲಿ ನಾವು ಅಕ್ವಿನಾದ ಸಂತ ತೋಮಾಸರಿಂದ ಕಲಿತೆವು. ದಾನದ ಮಾತು ಆಮೇಲೆ.

ಆದ್ದರಿಂದ ವಕೀಲರ ಬಳಿ ಹೋಗುವ ಮುನ್ನ ಒಂದು ಸಂಜೆ ಎಲ್ಲ ವಾರಸದಾರರೂ ಕೂಡಿ ಕುಳಿತು, ಪ್ರಾರ್ಥಿಸಿ, ಟ್ರಂಕನ್ನು ಎಲ್ಲರ ಕಣ್ಣ ಮುಂದೆ ತೆರೆಯಿರಿ. ಮರಣ ಪ್ರಮಾಣಪತ್ರ, ವಂಶಾವಳಿ, ಉತಾರ, ಪಾಸ್‌ಬುಕ್ಕು, ಸಾಲದ ಕಾಗದ ಎಲ್ಲವನ್ನೂ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಗಡಿಯಾಚೆ ಇಚಲಕರಂಜಿಯಲ್ಲೋ ಕೊಲ್ಲಾಪುರದಲ್ಲೋ ಜಾಗವಿದ್ದರೆ ಅದರ ಮರಾಠಿ ಕಾಗದವನ್ನೂ ಇಡಿ.

ನಮ್ಮವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಹೆಸರು. ಜ್ಞಾನಸ್ನಾನದಲ್ಲಿ ಅಂತೋಣಿ, ಉತಾರದಲ್ಲಿ ಅಂತೂ, ಮತದಾರರ ಪಟ್ಟಿಯಲ್ಲಿ ಅಂಥೋನಿ, ಬ್ಯಾಂಕಿನಲ್ಲಿ ಆಂಟನಿ! ಸತ್ತವನು ಒಬ್ಬನೇ, ಕಾಗದದಲ್ಲಿ ನಾಲ್ವರು. ಎಲ್ಲೆಲ್ಲಿ ಹೇಗೆ ಬರೆದಿದೆ ಎಂದು ಗುರುತು ಮಾಡಿಕೊಂಡು ಹೋದರೆ ವಕೀಲರು ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಸಿದ್ಧಪಡಿಸುತ್ತಾರೆ. ಜ್ಞಾನಸ್ನಾನ, ವಿವಾಹ, ಮರಣದ ದಾಖಲೆಗಳ ಪ್ರತಿಗೆ ನಿಮ್ಮ ಧರ್ಮಕೇಂದ್ರಕ್ಕೆ ಬನ್ನಿ. ದಯವಿಟ್ಟು ಪೂಜೆಗೆ ಐದು ನಿಮಿಷವಿರುವಾಗ ಬರಬೇಡಿ.

ನಾಮಿನಿ ಎಂದು ಹೆಸರಿದ್ದ ಮಾತ್ರಕ್ಕೆ ಬ್ಯಾಂಕಿನ ಹಣ ಆತನದೇ ಆಗುವುದಿಲ್ಲ. ಆತ ಅದನ್ನು ಪಡೆಯುವವನು ಮಾತ್ರ, ಹಕ್ಕು ವಾರಸದಾರರದೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ. ನಾಮಿನಿ ಇಲ್ಲದ ಠೇವಣಿಗೆ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರವನ್ನು ಕೇಳಬಹುದು. ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಡೆದರೆ ಆ ಪತ್ರವೇ ರದ್ದಾಗಬಹುದು. ಹಾಗಾಗಿ ವಕೀಲರ ಮುಂದೆ ತಂಗಿಯನ್ನು ಮರೆಸಬೇಡಿ, ಸಾಲವನ್ನೂ ಮರೆಸಬೇಡಿ.

ಮೃತ್ಯುಪತ್ರ ಸಿಕ್ಕಿದರೆ ಮೂಲಪ್ರತಿಯನ್ನೇ ಒಯ್ಯಿರಿ. ಅದಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು. ಸಾಕ್ಷಿ ಹಾಕಿದವರಿಗೆ ಅಥವಾ ಅವರ ಹೆಂಡತಿಗೋ ಗಂಡನಿಗೋ ಅದರಲ್ಲಿ ಬರೆದ ಕೊಡುಗೆ ನಿಲ್ಲುವುದಿಲ್ಲ. ಅದರ ಮೇಲೆ ಹಕ್ಕು ಸಾಧಿಸಲು ಮೊದಲು ನ್ಯಾಯಾಲಯದಿಂದ ಪ್ರೊಬೇಟು ಪಡೆಯಲೇಬೇಕೆಂಬ ಕಡ್ಡಾಯವನ್ನು 2002ರ ತಿದ್ದುಪಡಿ ಭಾರತೀಯ ಕ್ರೈಸ್ತರಿಗೆ ತೆಗೆದುಹಾಕಿತು. ಆದರೂ ವಿವಾದವಿದ್ದಲ್ಲಿ ಪಡೆಯುವುದು ಲೇಸೋ ಎಂದು ವಕೀಲರನ್ನೇ ಕೇಳಿ. ಅವರ ಫೀಯನ್ನೂ ಮೊದಲೇ ಕೇಳಿ, ಅದರಲ್ಲಿ ಸಂಕೋಚ ಬೇಡ. ವರಮಾನ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು. ವಿಧವೆಯರೇ, ಇದನ್ನು ನೆನಪಿಡಿ.

ಇನ್ನೊಂದು ಮಾತು. ಸತ್ತವರ ಹಣದಿಂದ ಮೊದಲು ಅಂತ್ಯಕ್ರಿಯೆ ಮತ್ತು ಕೊನೆಯ ಕಾಯಿಲೆಯ ವೆಚ್ಚ, ಬಳಿಕ ನ್ಯಾಯಾಲಯದ ಖರ್ಚು, ಅದರ ಹಿಂದೆಯೇ ಮರಣಕ್ಕೆ ಹಿಂದಿನ ಮೂರು ತಿಂಗಳಲ್ಲಿ ಅವರಿಗಾಗಿ ದುಡಿದ ಆಳುಗಳ ಕೂಲಿ ಸಲ್ಲಬೇಕು. ಬೇರೆ ಸಾಲಗಳು ಆಮೇಲೆ. ಮಕ್ಕಳ ಸರದಿ ಎಲ್ಲರ ಕೊನೆಗೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗಿಕೊಳ್ಳುತ್ತದೆಂದು ಸಂತ ಯಕೋಬರು ಬರೆದದ್ದು ನಮ್ಮ ಕಬ್ಬಿನ ಸೀಮೆಗೇ ಬರೆದಂತಿದೆ. ಆ ಟ್ರಂಕಿನಲ್ಲಿ ತಂದೆಯ ಕೈಬರಹದ ಒಂದು ಚಿಕ್ಕ ಡೈರಿಯಿತ್ತು. ಕಬ್ಬು ಕಡಿದ ಗಂಡಹೆಂಡತಿ ಒಬ್ಬರಿಗೆ ಕೊಡಬೇಕಾದ ಬಾಕಿಯನ್ನು ಅವರು ಅದರಲ್ಲಿ ಬರೆದಿಟ್ಟಿದ್ದರು.

ಆ ಮನೆಯವರು ಮರುದಿನ ಚಿಕ್ಕೋಡಿಗೆ ಹೋಗಲಿಲ್ಲ. ಹಿರಿಯ ಮಗ ಎರಡು ಭಾನುವಾರ ಪೂಜೆಗೂ ಬರಲಿಲ್ಲ. ನನ್ನ ಮೇಲಿನ ಸಿಟ್ಟು. ಮೂರನೆಯ ವಾರ ತಾನೇ ತಂಗಿಯರಿಗೆ ಫೋನು ಮಾಡಿ ಕರೆಸಿದನಂತೆ. ತಾಯಿಯನ್ನೂ ಕೂಡಿಸಿಕೊಂಡು ಐವರೂ ಒಂದೇ ಗಾಡಿಯಲ್ಲಿ ಹೋಗಿಬಂದರು. ಹೋಗುವ ಮೊದಲು ಡೈರಿಯ ಬಾಕಿ ತೀರಿಸಿದ್ದರು. ಹಿರಿಯ ಮಗಳು ತನ್ನ ಎಕರೆಯನ್ನು ತಾಯಿಗೆ ಬಿಟ್ಟಳು. ಕಿರಿಯವಳು ತನ್ನದನ್ನು ಇಟ್ಟುಕೊಂಡಳು, ಯಾರೂ ಬಿಡೆನ್ನಲಿಲ್ಲ. ಈಗಲೂ ಆ ಎಕರೆಯ ಕಬ್ಬಿಗೆ ನೀರು ಬಿಡುವವನು ಅದೇ ಅಣ್ಣ.