ಹಳೆಯ ತಾರೀಕು ಹಾಕಿದ ಪತ್ರ



ಹಿಂದೆ ನನ್ನಲ್ಲಿ ಕಲಿತ ಯುವಕನೊಬ್ಬ ಒಂದು ದಿನ ಮಗ್ರಿಬ್ ನಮಾಝಿನ ಬಳಿಕ ಮಸೀದಿಯಲ್ಲೇ ಉಳಿದುಕೊಂಡ. ಗೇರುಬೀಜದ ತಿರುಳನ್ನು ಮಂಗಳೂರು ಬಂದರಿನಿಂದ ವಿದೇಶಕ್ಕೆ ಕಳುಹಿಸುವ ಕಡೆ ಅವನು ಗುಮಾಸ್ತ.

"ಉಸ್ತಾದ್, ಒಂದು ಶಿಪ್ಪಿಂಗ್ ಬಿಲ್ಲಿನಲ್ಲಿ ನಮಗೆ ಸಿಗಬೇಕಾದ ಸವಲತ್ತಿನ ವಿವರ ಬಿಟ್ಟುಹೋಗಿದೆ. ಹಡಗು ಹೊರಟು ತಿಂಗಳಾಯಿತು. ಹಳೆಯ ತಾರೀಕು ಹಾಕಿ ಒಂದು ಪತ್ರ ತಯಾರಿಸು ಎನ್ನುತ್ತಾರೆ ಧಣಿ. ಸವಲತ್ತು ನ್ಯಾಯವಾಗಿ ನಮ್ಮದೇ. ತಾರೀಕು ಮಾತ್ರ ಸುಳ್ಳು. ಒಪ್ಪದಿದ್ದರೆ ಕೆಲಸ ಹೋದೀತು. ಏನು ಮಾಡಲಿ?"

ಮರೆವು ಮನುಷ್ಯಸಹಜ. ಅದನ್ನು ತಿದ್ದಲು ಕಾನೂನಿನಲ್ಲೇ ದಾರಿಯಿದೆ. 1962ರ ಕಸ್ಟಮ್ಸ್ ಕಾಯಿದೆಯ 149ನೇ ಕಲಮಿನಂತೆ, ಸರಕು ದೇಶ ಬಿಟ್ಟ ಮೇಲೂ ಅಧಿಕಾರಿ ತಿದ್ದುಪಡಿಗೆ ಅನುಮತಿ ನೀಡಬಹುದು. ಆದರೆ ಸರಕು ರಫ್ತಾದಾಗಲೇ ಇದ್ದ ದಾಖಲೆ ಅದಕ್ಕೆ ಆಧಾರವಾಗಬೇಕು. ಅಂದು ಇದ್ದ ಕಾಗದವನ್ನು ಇಂದು ತೋರಿಸುವುದು ತಿದ್ದುಪಡಿ. ಇಂದು ಬರೆದ ಕಾಗದವನ್ನು ಅಂದಿನದೆಂದು ತೋರಿಸುವುದು ಸುಳ್ಳು ಸಾಕ್ಷ್ಯ.

ಸುಳ್ಳು ಸಾಕ್ಷ್ಯ ಸಣ್ಣ ವಿಷಯವೇ? ಮಹಾಪಾಪಗಳನ್ನು ವಿವರಿಸುತ್ತಿದ್ದಾಗ ಪ್ರವಾದಿ(ಸ) ಒರಗಿಕೊಂಡಿದ್ದರು. ಸುಳ್ಳು ಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಕುಳಿತರು. ಅದನ್ನು ಎಷ್ಟು ಬಾರಿ ಹೇಳಿದರೆಂದರೆ, ಇನ್ನು ನಿಲ್ಲಿಸಬಾರದೇ ಎಂದು ಸಹಾಬಿಗಳಿಗೆ ಅನಿಸಿತು. ಹಕ್ಕು ನಮ್ಮದೆಂಬ ಕಾರಣಕ್ಕೆ ಸುಳ್ಳು ಸತ್ಯವಾಗುವುದಿಲ್ಲ. ಹಲಾಲಾದ ಗಳಿಕೆಗೂ ಹಲಾಲಾದ ದಾರಿಯೇ ಬೇಕು.

"ಕಡತಗಳನ್ನು ಚೆನ್ನಾಗಿ ಹುಡುಕು. ಅಂದಿನ ಕಾಗದ ಸಿಕ್ಕರೆ ಅದನ್ನೇ ಕೊಟ್ಟು ಅರ್ಜಿ ಹಾಕಿ. ಸಿಗದಿದ್ದರೆ ಆ ಸವಲತ್ತು ಹೋಗಲಿ, ಈಮಾನ್ ಉಳಿಯಲಿ" ಎಂದೆ. ಹೇಳುವುದು ನನಗೆ ಸುಲಭ. ಅವನಿಗೆ ಮನೆ ಬಾಡಿಗೆಯಿದೆ, ಮಕ್ಕಳ ಶಾಲೆಯ ಫೀಸಿದೆ. ಅವನು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತ.

ಆದ್ದರಿಂದ ಈ ಮಾತನ್ನು ಧಣಿಗಳಿಗೂ ಹೇಳಬೇಕಾಗಿದೆ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್ ಬಕರದ 282ನೆಯ ಸೂಕ್ತವು ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಬರೆಯುವವನು ನ್ಯಾಯದಿಂದ ಬರೆಯಬೇಕೆಂದು ಅಲ್ಲಾಹನು ಅದರಲ್ಲಿ ಆಜ್ಞಾಪಿಸಿದ್ದಾನೆ. ಬರೆಯುವವನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದೆಂಬ ಎಚ್ಚರಿಕೆಯೂ ಅದರಲ್ಲೇ ಇದೆ. ಗುಮಾಸ್ತನ ಅನ್ನವನ್ನು ಮುಂದಿಟ್ಟು ಅವನ ಕೈಯಿಂದ ಸುಳ್ಳು ಬರೆಸುವವರು ಈ ಸೂಕ್ತವನ್ನು ಮತ್ತೊಮ್ಮೆ ಓದಲಿ. ಸಹಿ ಅವನದಾದರೂ ಪಾಪದಲ್ಲಿ ಪಾಲು ನಿಮಗೂ ಇದೆ.

ಸಹೋದರರೇ, ನಮ್ಮ ಹಡಗೂ ಒಂದು ದಿನ ದಡ ಬಿಡಲಿದೆ. ತುಸು ಕಾಲಾವಕಾಶ ಸಿಕ್ಕಿದ್ದರೆ ದಾನ ಮಾಡುತ್ತಿದ್ದೆ, ಸಜ್ಜನನಾಗುತ್ತಿದ್ದೆ ಎಂದು ಆಗ ಮನುಷ್ಯ ಅಂಗಲಾಚುವನೆಂದು ಅಲ್ ಮುನಾಫಿಕೂನ್ ಅಧ್ಯಾಯ ತಿಳಿಸುತ್ತದೆ. ಆ ಅವಕಾಶ ಸಿಗಲಾರದು. ಹಳೆಯ ತಾರೀಕಿನ ಯಾವ ಪತ್ರವೂ ಅಲ್ಲಿ ನಡೆಯದು. ಇಂದು ನಾವಿನ್ನೂ ದಡದಲ್ಲಿದ್ದೇವೆ. ತೌಬಾದ ಬಾಗಿಲು ತೆರೆದೇ ಇದೆ. ತಿದ್ದಬೇಕಾದುದನ್ನು ಇಂದೇ ಸತ್ಯದಿಂದ ತಿದ್ದಿಕೊಳ್ಳೋಣ.

ಅಲ್ಲಾಹನು ನಮ್ಮ ಲೇಖನಿಗಳನ್ನೂ ನಮ್ಮ ಅನ್ನವನ್ನೂ ಶುದ್ಧವಾಗಿಡಲಿ. ಆಮೀನ್.