ಘೃಷ್ಣೇಶ್ವರನಿಗೆ ಒಂದು ಗುಲಗಂಜಿ

ಘೃಷ್ಣೇಶ್ವರಾ, ನಾಶಿಕದಿಂದ ವೇರೂಳಕ್ಕೆ, ನಿನ್ನ ಬಾಗಿಲಿಗೆ ಬಂದಿದ್ದೇನೆ. ಬಿಲ್ವಪತ್ರೆಯ ಜೊತೆಗೆ ಕೈಯಲ್ಲೊಂದು ಗುಲಗಂಜಿ ಇದೆ. ಈ ನಾಡಿನ ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದುದು ಇದರ ಲೆಕ್ಕದಲ್ಲೇ: ಎಂಟು ಗುಲಗಂಜಿಗೆ ಒಂದು ಮಾಸ, ಹನ್ನೆರಡು ಮಾಸಕ್ಕೆ ಒಂದು ತೊಲ. ಕೆಂಪು ಮೈ, ತುದಿಗೆ ಕಪ್ಪು ಚುಕ್ಕೆ. ಸಿಪ್ಪೆ ಒಡೆಯುವವರೆಗೆ ಸಾಧು. ಅರೆದರೆ ಒಳಗಿನ ಅಬ್ರಿನ್ ಎಂಬ ವಿಷ ಜೀವ ತೆಗೆಯುತ್ತದೆ. ಉಮ್ಮತ್ತಿ ಹೂವನ್ನೇ ಮುಡಿದವನ ಮುಂದೆ ಇದನ್ನಿಡಲು ನನಗೆ ಅಳುಕಿಲ್ಲ. ಆ ಉಮ್ಮತ್ತಿಯ ಹೊಗೆಯನ್ನೂ ನಮ್ಮವರು ಉಬ್ಬಸಕ್ಕೆ ಸೇದುತ್ತಿದ್ದರಲ್ಲ!

ಯೇವಲೆ, ವೈಜಾಪುರ ದಾಟುವಾಗ ರಸ್ತೆಬದಿಯಲ್ಲೆಲ್ಲ ಪಾರ್ಥೇನಿಯಂ. ಕನ್ನಡಿಗರಾದ ನಮಗದು ಕಾಂಗ್ರೆಸ್ ಗಿಡ, ಇಲ್ಲಿಯವರಿಗೆ ಗಾಜರ್ ಗವತ. ಅದರ ಪರಾಗ ಮೂಗಿಗೆ ಹೇಗೆ ಮುಳುವಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಜನರ ಚರ್ಮಪರೀಕ್ಷೆ ಮಾಡಿ 1991ರಲ್ಲಿ ಬರೆದರು. ಪರಾಗ ಯಾರನ್ನೂ ಕೊಲ್ಲಲು ಬಂದದ್ದಲ್ಲ. ದೇಹವೇ ತಪ್ಪು ತಿಳಿದು ಐಜಿಇ ಎಂಬ ಪ್ರತಿಕಾಯ ಹುಟ್ಟಿಸುತ್ತದೆ. ಅದು ಮಾಸ್ಟ್ ಎಂಬ ರಕ್ಷಣಾ ಕೋಶಗಳ ಮೇಲೆ ಕಾದು ಕೂರುತ್ತದೆ. ಮುಂದಿನ ಸಲ ಪರಾಗ ತಗುಲಿದೊಡನೆ ಆ ಕೋಶಗಳಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಸುರಿದು ಶ್ವಾಸನಾಳ ಬಿಗಿಯುತ್ತದೆ. 1966ರಲ್ಲಿ ಈ ಐಜಿಇಯನ್ನು ಗುರುತಿಸಿದ ಜಪಾನಿನ ಇಶಿಝಾಕಾ ದಂಪತಿ ಸೂಜಿ ಚುಚ್ಚಿಕೊಂಡದ್ದು ತಮ್ಮ ಮೈಗೇ. ಅವರನ್ನು ನೆನೆದು ಒಂದು ಬಿಲ್ವದಳ ಏರಿಸುತ್ತೇನೆ.

ಇನ್ನು ಗುಲಗಂಜಿಯ ಮಾತು. ಅಬ್ರಿನ್ ಮುಖ ನೋಡಿ ಮಣೆ ಹಾಕುವುದಿಲ್ಲ. ಅದರ ಒಂದು ಎಳೆ ಎದುರಾದ ಕೋಶದ ಮೈಮೇಲಿನ ಸಕ್ಕರೆಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಒಳಹೊಕ್ಕು ಪ್ರೊಟೀನು ಕಟ್ಟುವ ರೈಬೋಸೋಮುಗಳನ್ನು ಕೆಡಿಸುತ್ತದೆ. ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಂಜಲಿ ಕಾರಂದೆಯವರ ಪ್ರಯೋಗಶಾಲೆ ಕೊಲ್ಲುವ ಎಳೆಯನ್ನಷ್ಟೇ ಇಟ್ಟುಕೊಂಡು, ಅಂಟುವ ಕೆಲಸವನ್ನು ಒಂದು ಪ್ರತಿಕಾಯಕ್ಕೆ ಒಪ್ಪಿಸಿತು. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಾಗಿರುವ ಹಾರ್ಮೋನ್ ಗ್ರಾಹಕವೊಂದನ್ನು ಹುಡುಕಿ ಹಿಡಿಯುವ ಪ್ರತಿಕಾಯ ಅದು. 2013ರಲ್ಲಿ ಅದರ ವರದಿ ಬಂತು. ಗೆದ್ದದ್ದು ಪ್ರಯೋಗಶಾಲೆಯ ತಟ್ಟೆಯ ಕೋಶಗಳಲ್ಲಿ. ರೋಗಿಯ ಮೈ ಇನ್ನೂ ದೂರ. ಅಬ್ರಿನ್ನನ್ನೇ ತಡೆಯುವ ಮತ್ತೊಂದು ಪ್ರತಿಕಾಯವನ್ನೂ ಅವರೇ ಮಾಡಿದರು. ಅದು ಇಲಿಗಳನ್ನು ಉಳಿಸಿತು. ಉಳಿಯದೆ ಹೋದ ಇಲಿಗಳ ಲೆಕ್ಕ ನಿನ್ನಲ್ಲಿರಲಿ, ತಂದೆ.

ಅವಸರ ಕೊಡಬೇಡ ಈ ವಿಜ್ಞಾನಿಗಳಿಗೆ. ಬ್ಯಾಕ್ಟೀರಿಯಾದ ವಿಷ ಹೊತ್ತ ಲುಮೋಕ್ಸಿಟಿ ಎಂಬ ಕ್ಯಾನ್ಸರ್ ಮದ್ದಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು; ಅದರ ಹಿಂದೆ ವಿಜ್ಞಾನಿ ಇರಾ ಪಾಸ್ತನ್ ಅವರ ದಶಕಗಳ ದುಡಿಮೆಯಿತ್ತು. 2023ರಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಅದು ಹೊರಬಿತ್ತು. ಹೀಗಾದಾಗ ಅವರ ಎದೆ ಒಡೆಯದಂತೆ ನೋಡಿಕೋ.

ನಮ್ಮ ಮನೆಗಳಿಗೂ ಸ್ವಲ್ಪ ಬುದ್ಧಿ ಕೊಡು. ಮೃಗಶಿರಾ ಬಂದರೆ ಉಬ್ಬಸದ ಮೀನಿನ ಮದ್ದಿಗೆ ಹೈದರಾಬಾದಿನಲ್ಲಿ ಬಹಿರಂಗವಾಗಿ ಸಾಲು ನಿಲ್ಲುವ ನಾವು, ಇನ್ಹೇಲರ್ ಎಂದರೆ ನಾಚುತ್ತೇವೆ. ಗಂಡಿನ ಕಡೆಯವರು ಬರುವ ದಿನ ಮಗಳ ಇನ್ಹೇಲರನ್ನು ಬೀರುವಿನ ಸೀರೆಗಳ ಕೆಳಗೆ ತುರುಕುವ ತಾಯಿಗೆ, ಅದನ್ನು ಮೇಜಿನ ಮೇಲೇ ಬಿಡುವ ಧೈರ್ಯ ಕೊಡು.

ಕೊನೆಯದಾಗಿ ದುಡ್ಡಿನ ಮಾತು. ಐಜಿಇಯನ್ನೇ ಹಿಡಿದು ಕಟ್ಟುವ ಒಮಾಲಿಜುಮ್ಯಾಬ್ ಚುಚ್ಚುಮದ್ದು 2003ರಲ್ಲೇ ಅಮೆರಿಕದಲ್ಲಿ ಬಂದಿದೆ. ಬೆಲೆ ಕೇಳಿದರೇ ಇಲ್ಲಿ ಉಸಿರು ಕಟ್ಟುತ್ತದೆ. ನಿನ್ನ ಗುಡಿಯಿಂದ ಅಷ್ಟೇನೂ ದೂರವಲ್ಲದ ವಾಳೂಜದ ಕೈಗಾರಿಕಾ ಪ್ರದೇಶದಲ್ಲಿ ವೊಕ್ಹಾರ್ಟ್‌ನವರು ಇನ್ಸುಲಿನ್ ತಯಾರಿಸಿದ್ದಾರೆ. ಇಂಥ ಪ್ರತಿಕಾಯಗಳೂ ಅಲ್ಲಿ ತಯಾರಾಗಲಿ. ಈರುಳ್ಳಿ ಮಾರಿ ಬಂದ ದುಡ್ಡಿನಲ್ಲಿ ಲಾಸಲಗಾವದ ರೈತ ಮಗುವಿಗೊಂದು ಚುಚ್ಚುಮದ್ದು ಹಾಕಿಸುವಂತಾಗಲಿ.