ಗುಂಪಿನಿಂದ ಪಕ್ಕಕ್ಕೆ

ಪಂಪ್‌ವೆಲ್‌ನಲ್ಲಿ 2020ರಲ್ಲಿ ಮೇಲ್ಸೇತುವೆ ತೆರೆಯಿತು. ಕೆಳಗಿನ ಹಾರ್ನುಗಳ ಗದ್ದಲ ಮಾತ್ರ ನಿಂತಿಲ್ಲ. ಅಲ್ಲಿ ನಿಂತು ಮಾತನಾಡುವಾಗ ನಾವೆಲ್ಲರೂ ಅರೆಕಿವುಡರೇ. ನಮ್ಮ ಹಿರಿಯರಿಗೆ ಹಬ್ಬದ ಊಟದ ಮೇಜಿನಲ್ಲಿಯೂ ಹಾಗೆಯೇ ಆಗುತ್ತದೆ.

ವಯಸ್ಸಾದಂತೆ ಮೊದಲು ಮಾಸುವುದು ಎತ್ತರದ ಸ್ವರಗಳು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟವು. ಆದುದರಿಂದ ಚರ್ಚಿನ ಗಾಯನದಲ್ಲಿ ಅಜ್ಜಿಗೆ ರಾಗ ಸಿಗುತ್ತದೆ, ಆದರೆ ಸ, ಶ, ಫ ಅಕ್ಷರಗಳು ಜಾರಿಹೋಗಿ ಪದಗಳು ಕಲಸಿಹೋಗುತ್ತವೆ. ಮಕ್ಕಳು ದೊಡ್ಡ ಸ್ಪೀಕರ್ ತಂದು ಸದ್ದು ಏರಿಸುತ್ತಾರೆ. ಏರುವುದು ಗದ್ದಲವೇ ಹೊರತು ಹಾಡಲ್ಲ! ಶ್ರವಣ ಸಾಧನವನ್ನು ಮುಖ್ಯವಾಗಿ ಮಾತಿಗೆಂದು ಹೊಂದಿಸಿರುತ್ತಾರೆ. ಸಂಗೀತಕ್ಕೆ ಬೇರೆ ಹೊಂದಾಣಿಕೆ ಮಾಡಿಕೊಡಿರೆಂದು ಕೇಳಿ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಪಂಪ್‌ವೆಲ್‌ಗೆ ಹತ್ತಿರವೇ. ಅಲ್ಲಿ ವಾಕ್ ಶ್ರವಣ ವಿಭಾಗವಿದೆ.

ಸಂತ ಮಾರ್ಕರ ಶುಭಸಂದೇಶದ 7ನೆಯ ಅಧ್ಯಾಯ ತೆರೆಯಿರಿ. ಕಿವುಡನನ್ನು ಗುಣಪಡಿಸುವ ಮೊದಲು ಪ್ರಭು ಯೇಸು ಅವನನ್ನು ಜನರ ಗುಂಪಿನಿಂದ ಪಕ್ಕಕ್ಕೆ ಕರೆದುಕೊಂಡು ಹೋದರು. ನಾವು ಪವಾಡದ ಆತುರದಲ್ಲಿ ಈ ಮಾತನ್ನು ದಾಟಿಬಿಡುತ್ತೇವೆ. ಆಮೇಲೆ ಕಿವಿಗೆ ಬೆರಳಿಟ್ಟರು. ಕೇಳದವನಿಗೂ ಅರ್ಥವಾಗುವ ಭಾಷೆ ಅದು.

ಈ ಭಾನುವಾರ ಪೂಜೆ ಮುಗಿಸಿ ಬಂದು ಟಿ.ವಿ. ಆರಿಸಿ, ಅಜ್ಜಿಯ ಎದುರಿಗೆ ಕುಳಿತು, ಅವರಿಗೆ ಬಾಯಿಪಾಠವಿರುವ ಹಳೆಯ ಕೊಂಕಣಿ ಗೀತೆಯೊಂದನ್ನು ನಿಧಾನವಾಗಿ ಹಾಡಿರಿ. ಕೇಳದ ಅಕ್ಷರಗಳನ್ನು ಅವರ ನೆನಪೇ ತುಂಬಿಕೊಳ್ಳುತ್ತದೆ.